ಎಮರ್ಜೆನ್ಸಿ ಬಾಗಿಲಲ್ಲಿ ಯಾರು ಮೊದಲು?

(ಉಡುಪಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಕೆಲಸದಲ್ಲಿರುವ ನರ್ಸ್‌ಗಳು ಮತ್ತು ಆಸಕ್ತ ಸಾರ್ವಜನಿಕರ ಎದುರು ಆಡಿದ ಮಾತುಗಳ ಬರಹ ರೂಪ. ವೇದಿಕೆಯಲ್ಲಿ ಅವಸರದಲ್ಲಿ ದಾಟಿಹೋದ ಕೆಲವು ವಿಷಯಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಮರ್ಜೆನ್ಸಿ ವಿಭಾಗದ ಬಾಗಿಲಲ್ಲಿ ನಿಂತ ನರ್ಸ್ ಮತ್ತೆ ಮತ್ತೆ ಕೇಳುವ ಮಾತೊಂದು ಉಂಟು. "ಸಿಸ್ಟರ್, ನಾವು ಮೊದಲು ಬಂದದ್ದಲ್ವಾ? ಅವರನ್ನು ಯಾಕೆ ಒಳಗೆ ಕಳಿಸಿದ್ದು?" ಹೀಗೆ ಕೇಳುವವರ ಮೇಲೆ ನನಗೆ ಯಾವತ್ತೂ ಕೋಪ ಬಂದಿಲ್ಲ. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ, ಮಠದ ಊಟದ ಸಾಲಿನಲ್ಲಿ ಮೊದಲು ಬಂದವರಿಗೆ ಮೊದಲ ಜಾಗ. ಆಸ್ಪತ್ರೆಯ ಈ ಒಂದು ಬಾಗಿಲಲ್ಲಿ ಮಾತ್ರ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಯಾವ ಲೆಕ್ಕ ನಡೆಯುತ್ತದೆ, ಅದನ್ನು ಹಾಕುವ ತಿಳಿವಳಿಕೆ ನರ್ಸ್‌ಗೆ ಎಲ್ಲಿಂದ ಬರುತ್ತದೆ ಎಂದು ಇವತ್ತು ಹೇಳಬೇಕೆಂದಿದ್ದೇನೆ.

ಈ ವಿಂಗಡಣೆಗೆ ಟ್ರಯಾಜ್ ಎನ್ನುತ್ತಾರೆ. ಇದರ ಕಥೆ ನೆಪೋಲಿಯನ್ ಸೈನ್ಯದ ಸರ್ಜನ್ ಡೊಮಿನಿಕ್ ಲಾರೆಯವರ ತನಕ ಹೋಗುತ್ತದೆ. ಗಾಯಾಳು ಅಧಿಕಾರಿಯೋ ಸಾಮಾನ್ಯ ಸೈನಿಕನೋ ಎಂದು ನೋಡದೆ, ಗಾಯ ಎಷ್ಟು ಗಂಭೀರ ಎಂದು ನೋಡಿ ಚಿಕಿತ್ಸೆ ಕೊಡಬೇಕೆಂದು ಅವರು ಪಟ್ಟು ಹಿಡಿದಿದ್ದರು. ಇವತ್ತು ಹಲವು ಪದ್ಧತಿಗಳಿವೆ. ಬ್ರಿಟನ್ನಿನ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು ಮಟ್ಟ, ಅಮೆರಿಕದ ಇಎಸ್ಐ (ಎಮರ್ಜೆನ್ಸಿ ಸಿವಿಯಾರಿಟಿ ಇಂಡೆಕ್ಸ್) ಪದ್ಧತಿಯಲ್ಲೂ ಐದು. ದೆಹಲಿಯ ಏಮ್ಸ್ ರೂಪಿಸಿದ ಪದ್ಧತಿಯಲ್ಲಿ ಕೆಂಪು (ಈಗಲೇ ನೋಡಬೇಕು), ಹಳದಿ (ಬೇಗ ನೋಡಬೇಕು), ಹಸಿರು (ಕಾಯಬಹುದು) ಎಂದು ಮೂರು. ನಮ್ಮ ಕಡೆ ಜಾಸ್ತಿ ಕಾಣುವುದು ಈ ಬಣ್ಣಗಳೇ.

ಪದ್ಧತಿ ಯಾವುದಾದರೂ ಇರಲಿ, ಒಳಗಿನ ಪ್ರಶ್ನೆಗಳು ಎರಡೇ. ಈ ಜೀವ ಉಳಿಯಲು ಈ ಕ್ಷಣವೇ ಏನಾದರೂ ಮಾಡಬೇಕಾ? ಬೇಡವಾದರೆ, ಇವರು ಕಾಯಬಹುದಾ? ಮೊದಲ ಪ್ರಶ್ನೆ ಸುಲಭ. ಉಸಿರು ನಿಂತವರನ್ನು, ರಕ್ತ ಸುರಿಯುತ್ತಿರುವವರನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ನರ್ಸಿನ ಓದು, ಅನುಭವ ಎಲ್ಲವೂ ಬೇಕಾಗುವುದು ಎರಡನೆಯದಕ್ಕೆ. ಕಾಯಬಹುದಾ ಎಂದರೆ, ಮುಂದಿನ ಅರ್ಧ ಗಂಟೆಯಲ್ಲಿ ಈ ದೇಹದೊಳಗೆ ಏನಾಗಬಹುದು ಎಂದು ಅಂದಾಜು ಮಾಡುವುದು. ಈಗ ಕಾಣುವುದು ಅದಕ್ಕೆ ಸಾಕ್ಷಿ ಮಾತ್ರ.

ಒಂದು ಸಂಜೆ ಇಬ್ಬರು ಒಟ್ಟಿಗೆ ಬಂದರು ಎಂದಿಟ್ಟುಕೊಳ್ಳಿ. ಬೈಕಿನಿಂದ ಬಿದ್ದ ಹುಡುಗ, ಮುಂಗೈ ಮುರಿದು ಸೊಟ್ಟಗಾಗಿದೆ, ಜೋರಾಗಿ ಕೂಗುತ್ತಿದ್ದಾನೆ. ಸುತ್ತ ಎಂಟು ಹತ್ತು ಗೆಳೆಯರು. ಇನ್ನೊಬ್ಬರು ಐವತ್ತೆಂಟರ ಹೆಂಗಸು. ಸಕ್ಕರೆ ಕಾಯಿಲೆ ಇದೆ. "ಮಧ್ಯಾಹ್ನದಿಂದ ಗ್ಯಾಸ್ಟ್ರಿಕ್ ಸಿಸ್ಟರ್, ಹೊಟ್ಟೆ ಮೇಲೆ ಏನೋ ಒತ್ತಿದ ಹಾಗೆ" ಎಂದು ಕುರ್ಚಿಯಲ್ಲಿ ಕೂತಿದ್ದಾರೆ. ಹಣೆಯಲ್ಲಿ ಬೆವರು, ಕೈ ಮುಟ್ಟಿದರೆ ತಣ್ಣಗೆ. ಹುಡುಗನ ಬೆರಳು ಬೆಚ್ಚಗಿದೆಯಾ, ನಾಡಿ ಸಿಗುತ್ತದಾ, ಬೆರಳು ಆಡಿಸುತ್ತಾನಾ ನೋಡಬೇಕು. ಕೈಗೆ ಆಸರೆ ಕಟ್ಟಬೇಕು, ನೋವಿಗೆ ಔಷಧ ಕೊಡಿಸಬೇಕು. ಅವನ ನೋವು ಸುಳ್ಳಲ್ಲ. ಆದರೆ ಖಾಲಿ ಇರುವ ಒಂದು ಮಂಚ ಆ ಹೆಂಗಸಿಗೆ. ಹತ್ತು ನಿಮಿಷದೊಳಗೆ ಅವರ ಇಸಿಜಿ ಆಗಬೇಕು.

ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಎದೆನೋವೇ ಇಲ್ಲದೆ ಬರುತ್ತದೆ. ಬೆವರು, ಉಬ್ಬಸ, ದವಡೆ ನೋವು, ವಾಂತಿ ಬಂದ ಹಾಗಾಗುವುದು, ಸುಮ್ನೆ ಒಂದು ಸುಸ್ತು. ಇದು ಗೊತ್ತಿಲ್ಲದ ನರ್ಸ್‌ಗೆ ಆ ಕುರ್ಚಿಯಲ್ಲಿ ಕಾಣುವುದು ಗ್ಯಾಸ್ಟ್ರಿಕ್. ಇನ್ನೊಂದು ಮಾತು: ಮೊದಲ ಇಸಿಜಿ ನಾರ್ಮಲ್ ಬಂತು ಎಂದ ಕೂಡಲೇ ಅವರನ್ನು ಹಸಿರಿಗೆ ಇಳಿಸಬೇಡಿ. ಲಕ್ಷಣ ಹಾಗೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆಗೆಯಬೇಕು.

ಈಗ ಉಸಿರಿನ ಎಣಿಕೆಗೆ ಬರುತ್ತೇನೆ. ಇವತ್ತಿನ ಮಾತಿನಲ್ಲಿ ಒಂದನ್ನೇ ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ.

ಬಿಪಿಗೆ ಯಂತ್ರ ಇದೆ. ಪಲ್ಸ್‌ಗೆ, ಸ್ಯಾಚುರೇಶನ್‌ಗೆ (ರಕ್ತದಲ್ಲಿನ ಆಮ್ಲಜನಕದ ಮಟ್ಟಕ್ಕೆ) ಬೆರಳಿಗೆ ಹಾಕುವ ಕ್ಲಿಪ್ ಇದೆ. ಉಸಿರನ್ನು ಮಾತ್ರ ಕಣ್ಣಲ್ಲಿ ನೋಡಿ, ಗಡಿಯಾರ ಹಿಡಿದು, ಒಂದು ನಿಮಿಷ ಎಣಿಸಬೇಕು. ಆ ಒಂದು ನಿಮಿಷ ಸಿಗುವುದಿಲ್ಲ ಎಂದು ಚಾರ್ಟಿನಲ್ಲಿ ಅಂದಾಜಿಗೆ 20 ಎಂದು ಬರೆದುಬಿಡುವ ಅಭ್ಯಾಸ ಎಲ್ಲ ಊರಿನ ಆಸ್ಪತ್ರೆಗಳಲ್ಲೂ ಇದೆ. ಯಾವುದೇ ವಾರ್ಡಿನ ಹಳೆಯ ಚಾರ್ಟುಗಳನ್ನು ತೆರೆದು ನೋಡಿ. ನ್ಯುಮೋನಿಯಾದವರಿಗೂ 20, ಕಾಲು ಉಳುಕಿದವರಿಗೂ 20. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಯಾಕೆಂದರೆ ದೇಹ ಕೆಡಲು ಶುರುವಾದಾಗ ಎಲ್ಲಕ್ಕಿಂತ ಮೊದಲು ಬದಲಾಗುವ ಅಂಕಿಗಳಲ್ಲಿ ಉಸಿರೂ ಒಂದು.

ಕಾರಣ ಕಷ್ಟದ್ದೇನಲ್ಲ. ಅಂಗಗಳಿಗೆ ರಕ್ತ, ಆಮ್ಲಜನಕ ಸಾಲದೆ ಹೋದಾಗ ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತದೆ. ಅದನ್ನು ಹೊರಗೆ ಹಾಕಲು ದೇಹಕ್ಕೆ ಗೊತ್ತಿರುವ ಬೇಗದ ದಾರಿ, ಉಸಿರಿನ ವೇಗ ಏರಿಸಿ ಇಂಗಾಲದ ಡೈಆಕ್ಸೈಡನ್ನು ಹೊರಗೆ ಕಳಿಸುವುದು. ಶ್ವಾಸಕೋಶ ಸರಿ ಇದ್ದರೂ ಉಸಿರು ಏರುತ್ತದೆ, ಸ್ಯಾಚುರೇಶನ್ 98 ಇರುವಾಗಲೂ ಏರುತ್ತದೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಾಮಾನ್ಯ. ಸೋಂಕು ಇರುವ ರೋಗಿಯಲ್ಲಿ 22 ಮುಟ್ಟಿದರೆ ಸೆಪ್ಸಿಸ್ (ಸೋಂಕಿನಿಂದ ಅಂಗಗಳೇ ಕೆಡುವ ಸ್ಥಿತಿ) ಕಡೆ ಯೋಚನೆ ಹೋಗಬೇಕು. ಬ್ರಿಟನ್ನಿನ ಆಸ್ಪತ್ರೆಗಳು ಬಳಸುವ ನ್ಯೂಸ್ ಎಂಬ ಎಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು 25 ಮುಟ್ಟಿದರೆ ಅದೊಂದಕ್ಕೇ 3 ಅಂಕ. ಸಿಸ್ಟೊಲಿಕ್ ಬಿಪಿ, ಅಂದರೆ ಮೇಲಿನ ಬಿಪಿ, 90ಕ್ಕೆ ಇಳಿದರೆ ಕೊಡುವ ಅಂಕವೂ ಅಷ್ಟೇ.

ಬಿಪಿಯ ಮೇಲೆ ನಮಗೆ ಅತಿ ನಂಬಿಕೆ. "ಬಿಪಿ ಸರಿ ಉಂಟು" ಎಂದರೆ ಎಲ್ಲರಿಗೂ ಸಮಾಧಾನ. ಆದರೆ ಆರೋಗ್ಯವಂತ ದೊಡ್ಡವರ ದೇಹ ಹೆಚ್ಚುಕಡಿಮೆ ಶೇಕಡಾ 30ರಷ್ಟು ರಕ್ತ ಹೋಗುವ ತನಕ ಬಿಪಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ರಕ್ತನಾಳ ಬಿಗಿ ಮಾಡಿ, ಹೃದಯವನ್ನು ಓಡಿಸಿ ಹೇಗೋ ಸಂಭಾಳಿಸುತ್ತದೆ. ಅಡಿಕೆ ಮರದಿಂದ ಬಿದ್ದವರು ಬರುತ್ತಾರೆ. ಬಿಪಿ 110, ಪಲ್ಸ್ 118. ಪಲ್ಸನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡಿ. ಸಾಮಾನ್ಯವಾಗಿ 0.5ರಿಂದ 0.7 ಬರಬೇಕು. ಇಲ್ಲಿ ಒಂದನ್ನು ದಾಟಿತು. ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಹೊಟ್ಟೆಯೊಳಗೋ ಸೊಂಟದ ಮೂಳೆಯ ಹತ್ತಿರವೋ ಸೋರುತ್ತಿರಬಹುದು. ಅವರು ಕೆಂಪು. ಬೆನ್ನುಮೂಳೆ ಅಲುಗದ ಹಾಗೆ ಸ್ಟ್ರೆಚರಿಗೆ ಹಾಕಿ ಒಳಗೆ ಕಳಿಸಬೇಕು.

ಈ ಲೆಕ್ಕಕ್ಕೂ ಅಪವಾದ ಉಂಟು. ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತಿನ್ನುವ ಅಜ್ಜನ ಪಲ್ಸ್ ಎಷ್ಟು ರಕ್ತ ಹೋದರೂ ಬೇಗ ಏರುವುದಿಲ್ಲ. ದಿನಾ 170 ಬಿಪಿ ಇರುವವರಿಗೆ 115 ಎಂದರೆ ಅದು ಕಡಿಮೆ. ಮಕ್ಕಳು ಕೊನೆಯ ತನಕ ತಡೆದುಕೊಂಡು ಒಮ್ಮೆಲೇ ಕುಸಿಯುತ್ತಾರೆ. ಆಸ್ತಮಾದ ರೋಗಿಯ ಎದೆಯಲ್ಲಿ ಸುಯ್ ಎನ್ನುತ್ತಿದ್ದ ಶಬ್ದ ನಿಂತು, ಅವರು ಮಾತು ಬಿಟ್ಟು ತೂಕಡಿಸಿದರೆ, ಆರಾಮಾಯಿತು ಎಂದುಕೊಳ್ಳಬಾರದು. ಒಳಗೆ ಗಾಳಿಯೇ ಹೋಗುತ್ತಿಲ್ಲ.

ಇದೆಲ್ಲ ಪುಸ್ತಕದಲ್ಲಿದೆ. ನಮ್ಮ ಊರಿನ ಪುಸ್ತಕ ಬೇರೆ ಉಂಟು, ಅದನ್ನು ಓದದೆ ಮಂಗಳೂರಿನಲ್ಲೋ ಉಡುಪಿಯಲ್ಲೋ ಟ್ರಯಾಜ್ ಮಾಡಲು ಆಗುವುದಿಲ್ಲ.

ಮಳೆಗಾಲದಲ್ಲಿ ಕಾಯುವ ಕೋಣೆ ತುಂಬ ಜ್ವರ. ಎಲ್ಲರ ಕೈಯಲ್ಲೂ ಪ್ಲೇಟ್‌ಲೆಟ್ ರಿಪೋರ್ಟ್. "ನಲವತ್ತು ಸಾವಿರಕ್ಕೆ ಇಳಿದಿದೆ ಸಿಸ್ಟರ್, ಒಮ್ಮೆ ನೋಡಿ ಮಾರಾಯ್ರೆ" ಎಂದು ಮನೆಯವರು ಗಾಬರಿಯಾಗುತ್ತಾರೆ. ಮೂಲೆಯಲ್ಲಿ ಇನ್ನೊಬ್ಬ ಯುವಕ. ಪ್ಲೇಟ್‌ಲೆಟ್ ತೊಂಬತ್ತು ಸಾವಿರ. "ನಿನ್ನೆಯಿಂದ ಜ್ವರ ಬಿಟ್ಟಿದೆ, ಹೊಟ್ಟೆ ನೋವು ಮಾತ್ರ, ವಾಂತಿ ನಿಲ್ಲುತ್ತಿಲ್ಲ" ಎನ್ನುತ್ತಾನೆ. ಇಬ್ಬರಲ್ಲಿ ನನಗೆ ಮೊದಲು ಬೇಕಾದವನು ಈ ಎರಡನೆಯವನು. ಡೆಂಗಿಯ ಅಪಾಯ ಜ್ವರ ಇಳಿಯುವ ಹೊತ್ತಿಗೇ ಶುರುವಾಗುತ್ತದೆ. ಹೆಚ್ಚಾಗಿ ಮೂರರಿಂದ ಏಳನೇ ದಿನದೊಳಗೆ ರಕ್ತನಾಳಗಳಿಂದ ದ್ರವ ಹೊರಗೆ ಸೋರುತ್ತದೆ. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಚಡಪಡಿಕೆ ಅಥವಾ ಮಂಕು, ಇವು ಎಚ್ಚರಿಕೆಯ ಗುರುತುಗಳು. ಬಿಪಿ ನೋಡುವಾಗ ಮೇಲಿನದ್ದನ್ನು ಮಾತ್ರ ನೋಡಬೇಡಿ. 100/84 ಎಂದು ಬಂದರೆ ಮೇಲಿನದ್ದಕ್ಕೂ ಕೆಳಗಿನದ್ದಕ್ಕೂ ಇರುವ ಅಂತರ 16. ಅದು 20ಕ್ಕೆ ಇಳಿದರೇ ಶಾಕ್, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿ, ಶುರುವಾಗಿದೆ ಎಂದು ಅರ್ಥ. ಎದುರು ಕೂತವನು ನಿಮ್ಮ ಜೊತೆ ಮಾತಾಡುತ್ತಲೇ ಇರುತ್ತಾನೆ.

ಜ್ವರದವರಿಗೆ ಕೆಲಸ ಏನು ಎಂದು ಕೇಳಿ. ಗದ್ದೆ, ತೋಟ, ಚರಂಡಿ ಕೆಲಸ ಎಂದರೆ ಇಲಿಜ್ವರ ತಲೆಗೆ ಬರಬೇಕು. ಕಣ್ಣು ಕೆಂಪಾಗಿದೆಯಾ, ಮೀನಖಂಡ ಒತ್ತಿದರೆ ಕಿರುಚುತ್ತಾರಾ, ಮೂತ್ರ ಕಡಿಮೆಯಾಗಿದೆಯಾ? ಜೊತೆಗೆ ಉಸಿರೂ ಏರಿದ್ದರೆ ತಡ ಮಾಡಬೇಡಿ. ಇಲಿಜ್ವರ ಶ್ವಾಸಕೋಶದಲ್ಲಿ ರಕ್ತಸ್ರಾವ ಮಾಡಿದಾಗ ಕೆಲವೇ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರುತ್ತದೆ.

ಇನ್ನು ಹಾವು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ಒಳ್ಳೆಯ ಕೆಲಸ. ಕೊಳಕುಮಂಡಲ ಕಚ್ಚಿದರೆ ಊತ, ನೋವು, ರಕ್ತ. ಯಾರೂ ಅದನ್ನು ಹಗುರವಾಗಿ ನೋಡುವುದಿಲ್ಲ. ಕಟ್ಟು ಹಾವಿನದ್ದು ಹಾಗಲ್ಲ. ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚುತ್ತದೆ, ಎಷ್ಟೋ ಸಲ ನೋವೂ ಇಲ್ಲ, ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು, ಗಂಟಲು ಕಟ್ಟಿದ ಹಾಗೆ ಎಂದು ಬರುತ್ತಾರೆ. ಮುಖ ನೋಡಿದರೆ ನಿದ್ದೆಗೆಟ್ಟವರ ಹಾಗೆ ರೆಪ್ಪೆ ಇಳಿದಿರುತ್ತದೆ. "ಮೇಲೆ ನೋಡಿ" ಎನ್ನಿ. ಒಂದೇ ಉಸಿರಿನಲ್ಲಿ ಎಷ್ಟರ ತನಕ ಎಣಿಸುತ್ತಾರೆ ನೋಡಿ. ಸ್ವಲ್ಪ ಹೊತ್ತಿನಲ್ಲಿ ಉಸಿರಾಟದ ಸ್ನಾಯುಗಳೂ ನಿಲ್ಲಬಹುದು. ಎಲ್ಲಿ ಮಲಗಿದ್ದಿರಿ ಎಂಬ ಒಂದು ಪ್ರಶ್ನೆ ಇಲ್ಲಿ ಜೀವ ಉಳಿಸುತ್ತದೆ. ಹಗ್ಗ ಬಿಗಿದುಕೊಂಡು ಬಂದಿದ್ದರೆ ಬಾಗಿಲಲ್ಲೇ ಕತ್ತರಿಸಬೇಡಿ. ಡಾಕ್ಟರ್ ಇದ್ದು, ವಿಷನಿರೋಧಕ ಔಷಧ ಸಿದ್ಧವಾದ ಮೇಲೆ ಬಿಚ್ಚಬೇಕು.

ದೂರದ ಲೆಕ್ಕವೂ ಇದೆ. ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿದು ಬರುತ್ತಾರೆ, ಮಂಗಳೂರಿಗೆ ಸುಳ್ಯ, ಬೆಳ್ತಂಗಡಿ, ಕಾಸರಗೋಡಿನಿಂದ ಬರುತ್ತಾರೆ. ಬಾಗಿಲಿಗೆ ಬಂದ ಸಮಯ ಕಾಯಿಲೆ ಶುರುವಾದ ಸಮಯವಲ್ಲ. ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಔಷಧ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮೂರು ಗಂಟೆ ರಸ್ತೆಯಲ್ಲೇ ಕಳೆದವರಿಗೆ ನಮ್ಮಲ್ಲಿ ಕಾಯಲು ಸಮಯವೇ ಇಲ್ಲ. ಹಾಗಾಗಿ "ಯಾವಾಗ ಬಿದ್ದರು" ಎಂದು ಕೇಳುವುದಕ್ಕಿಂತ "ಕೊನೆಗೆ ಸರಿ ಇದ್ದದ್ದನ್ನು ಯಾರು, ಎಷ್ಟು ಗಂಟೆಗೆ ನೋಡಿದ್ದು" ಎಂದು ಕೇಳಿ. ಜೊತೆಗೆ ಬೆರಳು ಚುಚ್ಚಿ ಶುಗರ್ ನೋಡಿ. ಶುಗರ್ ಇಳಿದಾಗಲೂ ಒಂದು ಕಡೆ ಕೈಕಾಲು ಬೀಳಬಹುದು, ಮಾತು ತೊದಲಬಹುದು.

ಇಷ್ಟೆಲ್ಲ ತಿಳಿವಳಿಕೆ ಒಬ್ಬ ನರ್ಸ್‌ನಲ್ಲಿ ಹೇಗೆ ಸೇರುತ್ತದೆ? "ಅನುಭವದಿಂದ" ಎನ್ನುತ್ತೇವೆ. ನನಗೆ ಆ ಉತ್ತರ ಸಾಕಾಗುವುದಿಲ್ಲ. ಅಮೆರಿಕದ ನರ್ಸಿಂಗ್ ಚಿಂತಕಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಇದನ್ನು ಬಹಳ ಚೆನ್ನಾಗಿ ಬಿಡಿಸಿ ಇಟ್ಟರು. ಹೊಸಬರಿಂದ ಪರಿಣತರ ತನಕ ಐದು ಹಂತ ಗುರುತಿಸಿದರು. ವರ್ಷಗಳು ಉರುಳಿದರೆ ಅದು ಅನುಭವವಾಗುವುದಿಲ್ಲ, ನಾವು ಅಂದುಕೊಂಡದ್ದನ್ನು ನಿಜವಾದ ಸನ್ನಿವೇಶ ತಿದ್ದಿದಾಗ ಮಾತ್ರ ಆಗುತ್ತದೆ ಎಂಬುದು ಅವರ ವಾದ.

ಈಗ ನಮ್ಮ ಟ್ರಯಾಜ್ ನರ್ಸ್‌ನ ದಿನವನ್ನು ಯೋಚಿಸಿ. ಒಬ್ಬರನ್ನು ಹಳದಿ ಎಂದು ಬರೆದು ಒಳಗೆ ಕಳಿಸುತ್ತಾಳೆ. ಮುಂದೆ? ಅವರು ಐಸಿಯುಗೆ ಹೋದರಾ, ಆಪರೇಷನ್ ಆಯಿತಾ, ಎರಡು ಮಾತ್ರೆ ತೆಗೆದುಕೊಂಡು ಮನೆಗೆ ಹೋದರಾ, ಅವಳಿಗೆ ಯಾರೂ ಹೇಳುವುದಿಲ್ಲ. ಅಂದಾಜು ಸರಿಯಾಗಿತ್ತಾ ತಪ್ಪಾಗಿತ್ತಾ ಎಂದು ತಿಳಿಯದೆ ಹತ್ತು ವರ್ಷ ಕೆಲಸ ಮಾಡಿದರೆ ಬೆಳೆಯುವುದು ಧೈರ್ಯ. ತಿಳಿವಳಿಕೆ ಅಷ್ಟೇ ಇರುತ್ತದೆ. ತಪ್ಪು ಅಭ್ಯಾಸವೊಂದು ಇದ್ದರೆ ಅದೂ ಗಟ್ಟಿಯಾಗುತ್ತದೆ. ನಮ್ಮ ಕ್ಷೇತ್ರದ ದೊಡ್ಡ ಕೊರತೆ ಇದೇ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ತರಬೇತಿಯ ಸರ್ಟಿಫಿಕೇಟುಗಳಿಂದ ಇದು ತುಂಬುವುದಿಲ್ಲ.

ತುಂಬಲು ದೊಡ್ಡ ಖರ್ಚೂ ಬೇಡ. ವಿಭಾಗದಲ್ಲೇ ಇರುವ, ಹೊರಗೆ ಹೋಗದ ಒಂದು ಪುಸ್ತಕ ಇಡಿ. ಮನಸ್ಸಿನಲ್ಲಿ ಅನುಮಾನ ಉಳಿದ ಕೆಲವು ರೋಗಿಗಳ ಆಸ್ಪತ್ರೆ ನಂಬರ್, ನೀವು ಕೊಟ್ಟ ಬಣ್ಣ, ಯಾಕೆ ಕೊಟ್ಟಿರಿ ಎಂದು ಒಂದು ಸಾಲು ಬರೆಯಿರಿ. ಮರುದಿನ ವಾರ್ಡಿಗೆ ಕೇಳಿ ಏನಾಯಿತು ಎಂದು ಪಕ್ಕದಲ್ಲಿ ಬರೆಯಿರಿ. ವಾರಕ್ಕೊಮ್ಮೆ ಡಾಕ್ಟರ್, ನರ್ಸ್ ಒಟ್ಟಿಗೆ ಕೂತು ನೋಡಿ. ಯಾರನ್ನೂ ಬೈಯಲು ಅಲ್ಲ. ಹೆಚ್ಚು ಗಂಭೀರ ಎಂದು ತಿಳಿದು ಒಳಗೆ ಕಳಿಸಿದವರು ಅಷ್ಟು ಗಂಭೀರ ಅಲ್ಲದೆ ಹೋದರೆ ಒಂದು ಮಂಚ ಸ್ವಲ್ಪ ಹೊತ್ತು ತುಂಬುತ್ತದೆ. ಗಂಭೀರ ಇದ್ದವರನ್ನು ಹೊರಗೆ ಕೂರಿಸಿದರೆ ಜೀವ ಹೋಗುತ್ತದೆ. ಅಪಘಾತ ಚಿಕಿತ್ಸೆಗೆ ಅಮೆರಿಕದ ಸರ್ಜನ್‌ಗಳ ಸಂಘ ಇಟ್ಟುಕೊಂಡ ಮಾನದಂಡವೇ ಹಾಗಿದೆ. ಮೊದಲ ಬಗೆಯದ್ದು ಶೇಕಡಾ 25ರಿಂದ 35ರ ತನಕ ಆದರೂ ಸರಿ, ಎರಡನೆಯದ್ದು 5ನ್ನು ಮೀರಬಾರದು. ಅನುಮಾನ ಬಂದರೆ ಒಂದು ಬಣ್ಣ ಮೇಲೆ ಹಾಕಿ ಎನ್ನುವುದು ಇದಕ್ಕೇ.

ಆಸ್ಪತ್ರೆ ನಡೆಸುವವರು ಯಾರಾದರೂ ಇಲ್ಲಿದ್ದರೆ ಒಂದು ಬೇಡಿಕೆ. ಟ್ರಯಾಜ್ ಮೇಜಿನ ನರ್ಸ್‌ಗೆ ಅದೊಂದೇ ಕೆಲಸ ಇರಲಿ. ವೀಲ್‌ಚೇರ್ ಹುಡುಕುವುದು, ಬಿಲ್ಲಿಂಗ್ ದಾರಿ ತೋರಿಸುವುದು, ಫೋನ್ ಎತ್ತುವುದು ಅವಳ ತಲೆಗೆ ಬಂದರೆ ಉಸಿರು ಎಣಿಸುವ ಆ ಒಂದು ನಿಮಿಷ ಎಲ್ಲಿಂದ ಬರಬೇಕು? ಕಾಯುತ್ತಿರುವವರನ್ನು ಮತ್ತೆ ನೋಡುವುದೂ ಅವಳದೇ ಕೆಲಸ. ಹಳದಿ ಕೊಟ್ಟದ್ದು ಆ ಹೊತ್ತಿನ ಸ್ಥಿತಿಗೆ. ಅರ್ಧ ಗಂಟೆ ಬಿಟ್ಟು ಅದೇ ಮನುಷ್ಯ ಕೆಂಪಾಗಿರಬಹುದು.

ದುರಂತದ ದಿನ ಲೆಕ್ಕ ಬದಲಾಗುತ್ತದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರು ನಿಲ್ದಾಣದ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಅಂಥ ಹೊತ್ತಿನಲ್ಲಿ ಒಬ್ಬೊಬ್ಬರಿಗೆ ಅರ್ಧ ನಿಮಿಷ ಅಷ್ಟೇ. ಉಸಿರು 30 ದಾಟಿದೆಯಾ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದಾ, ಹೇಳಿದ ಹಾಗೆ ಕೇಳುತ್ತಾರಾ? ಉಸಿರಿನ ದಾರಿ ತೆರೆದರೂ ಉಸಿರಾಡದ ದೊಡ್ಡವರನ್ನು ಬಿಟ್ಟು ಮುಂದೆ ಹೋಗಬೇಕು. ದಿನಾ ಕಲಿತದ್ದಕ್ಕೆ ಪೂರಾ ಉಲ್ಟಾ. ಇದನ್ನು ಪ್ರಾಕ್ಟೀಸ್ ಮಾಡಿಸದೆ ನರ್ಸ್‌ಗಳಿಂದ ನಿರೀಕ್ಷಿಸುವುದು ಅನ್ಯಾಯ.

ಮಾತಿನ ಕೊನೆಗೆ ಎರಡು ಪ್ರಶ್ನೆ ಬಂದವು.

ಹಿರಿಯರೊಬ್ಬರು, ಮನೆಯವರು ಬರುವಾಗ ಏನು ತರಬೇಕು ಎಂದು ಕೇಳಿದರು. ಫೈಲ್ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ. ತಿನ್ನುವ ಮಾತ್ರೆಗಳ ಚೀಟಿಗಳನ್ನು ಹಾಗೇ ಚೀಲಕ್ಕೆ ಹಾಕಿ ತನ್ನಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಕೇಳುವ ಮೊದಲೇ ಹೇಳಿ. ಫಿಟ್ಸ್ ಬಂದಾಗ ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಸ್ವಲ್ಪ ವಿಡಿಯೋ ಮಾಡಿಟ್ಟುಕೊಳ್ಳಲಿ. ಎದೆನೋವು, ಸ್ಟ್ರೋಕ್ ಎಂದು ಅನಿಸಿದರೆ ಬೈಕಿನಲ್ಲಿ ನಡುವೆ ಕೂರಿಸಿ ತರಬೇಡಿ, 108ಕ್ಕೆ ಫೋನ್ ಮಾಡಿ. ಕಾಯುವಾಗ ಬೆವರು ಬಂತು, ಮಾತು ಕಡಿಮೆಯಾಯಿತು, ನಿದ್ದೆಗೆ ಜಾರಿದ ಹಾಗಾಯಿತು ಎಂದರೆ ಎದ್ದು ಬಂದು ಹೇಳಿ. ಸಿಸ್ಟರ್ ಬೈಯುತ್ತಾರೆ ಎಂದು ಹೆದರಬೇಡಿ.

ವಿದ್ಯಾರ್ಥಿನಿಯೊಬ್ಬಳು, "ನಾನು ಕೆಂಪು ಎಂದೆ, ಡ್ಯೂಟಿ ಡಾಕ್ಟರ್ ಬರಲಿಲ್ಲ, ಆಗ ಏನು ಮಾಡಲಿ ಮೇಡಂ?" ಎಂದಳು. "ಸರ್, ಪೇಶೆಂಟ್ ಅಷ್ಟು ಸರಿ ಇಲ್ಲ" ಎಂದರೆ ಯಾರೂ ಓಡಿ ಬರುವುದಿಲ್ಲಮ್ಮ. ಹೀಗೆ ಹೇಳು: "ಐವತ್ತೆಂಟರ ಹೆಂಗಸು, ಡಯಾಬಿಟಿಸ್ ಇದೆ, ಮೂರು ಗಂಟೆಯಿಂದ ಹೊಟ್ಟೆ ಮೇಲೆ ಒತ್ತಡ, ಬೆವರುತ್ತಿದ್ದಾರೆ. ಉಸಿರು 26, ಪಲ್ಸ್ 108, ಬಿಪಿ 100/70. ಹಾರ್ಟ್ ಅಟ್ಯಾಕ್ ಇರಬಹುದು ಎಂದು ನನ್ನ ಅನುಮಾನ. ಇಸಿಜಿ ತೆಗೆಯುತ್ತಿದ್ದೇನೆ, ನೀವು ಈಗಲೇ ಬಂದು ನೋಡಬೇಕು." ಆಗಲೂ ಬಾರದಿದ್ದರೆ ಐದು ನಿಮಿಷ ಬಿಟ್ಟು ಉಸಿರು, ಪಲ್ಸ್, ಬಿಪಿ ಮತ್ತೆ ತೆಗೆದು ಹೊಸ ಅಂಕಿಗಳೊಂದಿಗೆ ಮತ್ತೆ ಹೇಳು. ಎರಡು ಸಲ ಹೇಳಿದ ಸಮಯವನ್ನೂ ಚಾರ್ಟಿನಲ್ಲಿ ಬರೆ. ಮೂರನೆಯ ಫೋನ್ ಸೀನಿಯರ್ ಡಾಕ್ಟರಿಗೆ. ಆ ನಂಬರ್ ಟ್ರಯಾಜ್ ಮೇಜಿನ ಮೇಲೆ ಅಂಟಿಸಿರಬೇಕು. ಅಂಟಿಸಿಲ್ಲದಿದ್ದರೆ ನಾಳೆ ಡ್ಯೂಟಿಗೆ ಹೋದ ಕೂಡಲೇ ಕೇಳಿ ಅಂಟಿಸು.